ಯುಜಿಡಿಗೆ ಕಾರ್ಖಾನೆ ನೀರು: ಕೋಲಾರದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ವೇಮಗಲ್, ನರಸಾಪುರ, ಮಾಲೂರು ಕಡೆ ಸಣ್ಣ ಘಟಕ ನಡೆಸುವವರು, ಊರೊಳಗೆ ವಾಟರ್ ಸರ್ವಿಸ್ (ಗಾಡಿ ತೊಳೆಯುವ ಅಂಗಡಿ) ಅಥವಾ ಹೋಟೆಲ್ ಇಟ್ಟುಕೊಂಡವರು, ಕೆರೆ ಪಕ್ಕದ ಹಳ್ಳಿಯವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಅವುಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಆದರೆ ಮೊದಲ ಎರಡನ್ನು ಎಲ್ಲರೂ ಓದಿ.

ಯುಜಿಡಿ (ನೆಲದಡಿಯ ಒಳಚರಂಡಿ) ಇರುವುದೇ ಕೊಳಚೆ ಹೋಗಲಿ ಅಂತ. ಕಾರ್ಖಾನೆ ನೀರನ್ನೂ ಅದಕ್ಕೇ ಬಿಟ್ಟರೆ ಏನು ತಪ್ಪು?

ಯುಜಿಡಿ ಪೈಪಿನ ಕೊನೆಯಲ್ಲಿರುವ ಶುದ್ಧೀಕರಣ ಘಟಕ, ಅಂದರೆ ಎಸ್‌ಟಿಪಿ, ಮನೆಗಳ ನೀರಿಗೆ ಅಂತ ಕಟ್ಟಿದ್ದು. ಬಚ್ಚಲು, ಅಡುಗೆಮನೆ, ಪಾಯಿಖಾನೆಯ ನೀರು. ಅಲ್ಲಿ ನಿಜವಾಗಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ದೊಡ್ಡ ತೊಟ್ಟಿಯ ತಳದಿಂದ ಗಾಳಿ ಊದುತ್ತಾರೆ. ಕಂದು ನೀರು ಕೊತಕೊತ ಕುದಿಯುತ್ತಿರುವಂತೆ ಕಾಣುತ್ತದೆ. ಆ ಗಾಳಿ ಸಿಕ್ಕಿದ ಬ್ಯಾಕ್ಟೀರಿಯಾ ಕೊಳಚೆ ತಿಂದು ಬೆಳೆಯುತ್ತವೆ. ಆಮೇಲೆ ಕೆಸರಾಗಿ ತಳಕ್ಕೆ ಕೂರುತ್ತವೆ, ಮೇಲಿನ ತಿಳಿನೀರು ಹೊರಗೆ ಹೋಗುತ್ತದೆ.

ಅನ್ನದ ಗಂಜಿ, ಸೋಪು, ಮಲ ಇವನ್ನೆಲ್ಲ ಬ್ಯಾಕ್ಟೀರಿಯಾ ತಿನ್ನುತ್ತವೆ. ಕ್ರೋಮಿಯಂ, ನಿಕಲ್, ಸೀಸವನ್ನು ತಿನ್ನುವುದಿಲ್ಲ. ಲೋಹ ಕೊಳೆತು ಇಲ್ಲವಾಗುವ ವಸ್ತುವಲ್ಲ. ಒಂದೋ ಶುದ್ಧ ಮಾಡಿದ ನೀರಿನ ಜೊತೆ ಕೆರೆ ಸೇರುತ್ತದೆ, ಇಲ್ಲ ಕೆಸರಿನಲ್ಲಿ ಉಳಿಯುತ್ತದೆ. ಆ ಕೆಸರನ್ನು ಗೊಬ್ಬರ ಅಂತ ಒಯ್ದ ರೈತನ ಹೊಲಕ್ಕೆ ಅದೂ ಹೋಗುತ್ತದೆ. ಒಂದೇ ಸಲ ಜಾಸ್ತಿ ಬಂದರೆ ಇನ್ನೂ ಕೆಟ್ಟದು. ತೊಟ್ಟಿಯ ಬ್ಯಾಕ್ಟೀರಿಯಾವೇ ಸಾಯುತ್ತವೆ. ಆಗ ಒಂದು ಕಾರ್ಖಾನೆಯ ನೀರಷ್ಟೇ ಅಲ್ಲ, ಇಡೀ ಊರಿನ ಕೊಳಚೆ ಇದ್ದ ಹಾಗೇ ಹೊರಗೆ ಹರಿಯುತ್ತದೆ. ಮತ್ತೆ ಬ್ಯಾಕ್ಟೀರಿಯಾ ಬೆಳೆಸಿ ತೊಟ್ಟಿಯನ್ನು ದಾರಿಗೆ ತರಲು ವಾರಗಟ್ಟಲೆ ಹಿಡಿಯಬಹುದು.

ಹಾಗಾಗಿ ಈ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುವುದು ಒಂದೇ. ತಡೆಯಬೇಕಾದ ಜಾಗ ಕಾರ್ಖಾನೆಯ ಕಾಂಪೌಂಡ್ ಒಳಗೆ. ಪೈಪಿಗೆ ಬಿದ್ದ ಮೇಲೆ ಅದನ್ನು ಬೇರೆ ಮಾಡಲು ಯಾರಿಂದಲೂ ಸುಲಭಕ್ಕೆ ಆಗುವುದಿಲ್ಲ.

ಕೋಲಾರ ಜಿಲ್ಲೆಗೆ ಇದು ಯಾಕೆ ಅಷ್ಟು ಮುಖ್ಯ?

ನಮ್ಮಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ. ಇರುವುದು ಕೆರೆ, ಕೆರೆಯ ನೀರು ಇಂಗಿದರೆ ಬೋರ್‌ವೆಲ್. 2018ರ ಜೂನ್‌ನಿಂದ ಈ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಯುಜಿಡಿ ನೀರು. ಅದೇ ಕೆ.ಸಿ. ವ್ಯಾಲಿ ಯೋಜನೆ. ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಪಂಪ್ ಮಾಡುತ್ತಾರೆ. ಮೊದಲು ನೀರು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ದಿನಕ್ಕೆ 44 ಕೋಟಿ ಲೀಟರ್ ನೀರು, 126 ಕೆರೆ ಎಂಬುದು ಯೋಜನೆಯ ಲೆಕ್ಕ. ನೀರು ಬಂದ ಮರುತಿಂಗಳೇ ಕೆರೆಯಲ್ಲಿ ನೊರೆ ಕಾಣಿಸಿಕೊಂಡಿತು. ವಿಷಯ ಹೈಕೋರ್ಟ್‌ಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟ್‌ಗೂ ಹೋಯಿತು. ಚಿಕ್ಕಬಳ್ಳಾಪುರದ ಕಡೆಗೆ ಇದೇ ರೀತಿ ಹೆಬ್ಬಾಳ, ನಾಗವಾರ ಕಣಿವೆಯ ನೀರು ಬರುತ್ತದೆ. ಕಂದವಾರ ಕೆರೆ ತುಂಬಿದ್ದು ಆ ನೀರಿನಿಂದ.

ನೀರು ಬಂದು ಒಣಗಿದ ಕೆರೆಗಳು ತುಂಬಿವೆ, ಬತ್ತಿದ್ದ ಬೋರ್‌ವೆಲ್‌ಗಳಿಗೆ ಜೀವ ಬಂದಿದೆ. ಅದನ್ನು ಕಣ್ಣಾರೆ ಕಂಡವರಿಗೆ ಇದರ ಬೆಲೆ ಗೊತ್ತು. ಅದಕ್ಕೇ ಭಯವೂ ಜಾಸ್ತಿ. ಇಂಗುವ ನೀರಿನಲ್ಲಿ ಏನಿದೆಯೋ ಅದೇ ನಾಳೆ ಬೋರ್‌ವೆಲ್‌ನಲ್ಲಿ ಬರುವುದು, ಅಲ್ವಾ? ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಇಲ್ಲಿನ ರೈತರು ಕೇಳುತ್ತಾ ಬಂದಿದ್ದಾರೆ. ಅದು ನ್ಯಾಯವಾದ ಬೇಡಿಕೆ. ಅದರ ಜೊತೆಗೇ ಇನ್ನೊಂದು ಪ್ರಶ್ನೆಯನ್ನೂ ಜೋರಾಗಿ ಕೇಳಬೇಕು. ಬೆಂಗಳೂರಿನಲ್ಲಿ ಆ ಪೈಪಿಗೆ ಯಾವ ಯಾವ ಕಾರ್ಖಾನೆ ಸೇರಿಕೊಂಡಿದೆ? ಏನು ಬಿಡುತ್ತಿದೆ? ಪರೀಕ್ಷೆ ಮಾಡುವವರು ಯಾರು?

ಆ ಪ್ರಶ್ನೆ ಕೇಳುವ ನಾವು ನಮ್ಮ ಊರಿನ ಘಟಕಗಳನ್ನೂ ಅದೇ ಅಳತೆಯಲ್ಲಿ ನೋಡಬೇಕು. ನಮ್ಮ ಪಾಲಾರ್ ಕಣಿವೆಯ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿದು ಕೊನೆಗೆ ತಮಿಳುನಾಡಿನ ಕಡೆ ಹೋಗುತ್ತವೆ. ನಾವು ಬಿಟ್ಟದ್ದನ್ನು ಕುಡಿಯುವವರೂ ಇದ್ದಾರೆ.

ನಮ್ಮ ಏರಿಯಾದಲ್ಲಿ ಯುಜಿಡಿ ಇಲ್ಲ, ಬರೀ ತೆರೆದ ಮೋರಿ. ಅದಕ್ಕೆ ಬಿಟ್ಟರೆ ಕಾನೂನು ಬರುವುದಿಲ್ಲವಲ್ಲ?

ಬರುತ್ತದೆ. 1974ರ ಜಲ ಕಾಯ್ದೆ ಪ್ರಕಾರ ಕೊಳಚೆ ಅಥವಾ ಕಾರ್ಖಾನೆ ನೀರು ಸಾಗಿಸುವ ಯಾವುದೇ ಪೈಪ್, ಕಾಲುವೆ ಎಲ್ಲವೂ ಚರಂಡಿಯೇ. ಮುಚ್ಚಿದ್ದೋ ತೆರೆದದ್ದೋ ಎಂಬ ವ್ಯತ್ಯಾಸ ಇಲ್ಲ.

ಎಷ್ಟರವರೆಗೆ ಬಿಡಬಹುದು? ಮಿತಿ ಏನಿದೆ?

1986ರ ಪರಿಸರ ಸಂರಕ್ಷಣಾ ನಿಯಮಗಳ 6ನೇ ಅನುಸೂಚಿಯಲ್ಲಿ ಸಾರ್ವಜನಿಕ ಚರಂಡಿಗೆ ಬೇರೆಯದೇ ಕಾಲಂ ಇದೆ. ಜಾಸ್ತಿ ಕೇಳಿಬರುವ ಅಂಕಿಗಳು ಇವು. ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ) 5.5ರಿಂದ 9ರ ಒಳಗೆ. ಬಿಓಡಿ ಲೀಟರಿಗೆ 350 ಮಿಲಿಗ್ರಾಂ. ನೀರಿನಲ್ಲಿ ತೇಲುವ ಕಸ, ಕಣ 600 ಮಿಲಿಗ್ರಾಂ. ಎಣ್ಣೆ ಮತ್ತು ಗ್ರೀಸ್ 20. ಅಮೋನಿಯಾ ರೂಪದ ಸಾರಜನಕ 50. ಲೋಹಗಳಲ್ಲಿ ಕ್ರೋಮಿಯಂ 2, ತಾಮ್ರ 3, ನಿಕಲ್ 3, ಸತು 15, ಸೀಸ 1, ಪಾದರಸ 0.01. ಸಯನೈಡ್ 2.

ಬಿಓಡಿ ಅಂದರೆ ನೀರಿನಲ್ಲಿರುವ ಕೊಳಚೆಯನ್ನು ತಿನ್ನಲು ಬ್ಯಾಕ್ಟೀರಿಯಾಕ್ಕೆ ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ. ಲ್ಯಾಬಿನಲ್ಲಿ ಸ್ಯಾಂಪಲ್ಲನ್ನು ಬಾಟಲಿಯಲ್ಲಿ ಮುಚ್ಚಿ 27 ಡಿಗ್ರಿಯಲ್ಲಿ 3 ದಿನ ಇಟ್ಟು ಅಳೆಯುತ್ತಾರೆ. ರಿಪೋರ್ಟ್ ಇವತ್ತೇ ಕೊಡಿ ಅಂದರೆ ಆಗದಿರುವುದು ಅದಕ್ಕೇ.

ಈ ಕಾಲಂಗೆ ಒಂದು ಷರತ್ತು ಇದೆ, ಅದನ್ನು ಬಹಳ ಜನ ಓದುವುದೇ ಇಲ್ಲ. ಆ ಚರಂಡಿಯ ಕೊನೆಯಲ್ಲಿ ಜೈವಿಕ ಶುದ್ಧೀಕರಣ ಇರುವ, ಎರಡನೇ ಹಂತದ ಎಸ್‌ಟಿಪಿ ಇದ್ದರೆ ಮಾತ್ರ ಈ ಅಂಕಿಗಳು ಅನ್ವಯ. ಇಲ್ಲದಿದ್ದರೆ ಕೆರೆಗೆ, ಹೊಳೆಗೆ ನೇರವಾಗಿ ಬಿಟ್ಟ ಲೆಕ್ಕ. ಆಗ ಬಿಓಡಿ 350 ಅಲ್ಲ, 30. ಎಣ್ಣೆ 20 ಅಲ್ಲ, 10. ಕಣಗಳು 600 ಅಲ್ಲ, 100. ನಿಮ್ಮ ಮೋರಿ ಸೀದಾ ರಾಜಕಾಲುವೆ ಸೇರಿ ಕೆರೆಗೆ ಹೋಗುತ್ತಿದ್ದರೆ ನಿಮಗೆ ಈ ಎರಡನೇ ಮಿತಿಯೇ.

ಇಲ್ಲಿ ನನ್ನದೊಂದು ತಕರಾರು ಇದೆ. ಬಿಓಡಿಗೆ ರಿಯಾಯಿತಿ ಕೊಟ್ಟದ್ದು ಸರಿ, ಯಾಕೆಂದರೆ ಮುಂದೆ ಎಸ್‌ಟಿಪಿ ಆ ಕೆಲಸ ಮಾಡುತ್ತದೆ. ಆದರೆ 6 ವೇಲೆನ್ಸಿಯ ವಿಷಕಾರಿ ಕ್ರೋಮಿಯಂಗೆ ಹೊಳೆಯ ಮಿತಿ 0.1 ಇದ್ದರೆ ಚರಂಡಿಗೆ 2 ಇದೆ. ಇಪ್ಪತ್ತು ಪಟ್ಟು ಸಡಿಲ. ಎಸ್‌ಟಿಪಿಯನ್ನು ಕ್ರೋಮಿಯಂ ತೆಗೆಯಲು ಕಟ್ಟಿಲ್ಲ. ಆ ನೀರೇ ಕೆರೆಗೆ ಬಂದು ಇಂಗುವ ನಮ್ಮಂಥ ಜಿಲ್ಲೆಗೆ ಈ ಸಡಿಲಿಕೆ ಹೊಂದುವುದಿಲ್ಲ. ಅದೃಷ್ಟಕ್ಕೆ, ಕಾರ್ಖಾನೆಗೆ ಸಮ್ಮತಿ ಪತ್ರ ಕೊಡುವಾಗ ಇದಕ್ಕಿಂತ ಬಿಗಿ ಮಿತಿ ಹಾಕಲು ಮಾಲಿನ್ಯ ನಿಯಂತ್ರಣ ಮಂಡಳಿಗೆ ಅವಕಾಶವಿದೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಲೋಹಗಳ ಮಟ್ಟಿಗೆ ಅದನ್ನು ಬಳಸಲೇಬೇಕು.

ಜಾಸ್ತಿ ನೀರು ಬೆರೆಸಿ ತೆಳು ಮಾಡಿ ಬಿಟ್ಟರೆ ಮಿತಿಯೊಳಗೆ ಬರುತ್ತದಲ್ಲ?

ಲೆಕ್ಕ ಹಾಕಿ ನೋಡೋಣ. ಕ್ರೋಮ್ ಪ್ಲೇಟಿಂಗ್ (ಲೋಹದ ಸಾಮಾನಿಗೆ ಕ್ರೋಮಿಯಂ ಲೇಪಿಸುವ ಕೆಲಸ) ತೊಟ್ಟಿಯ ದ್ರಾವಣದಲ್ಲಿ ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲ ಇರುತ್ತದೆ. ಅದರಲ್ಲಿ ಕ್ರೋಮಿಯಂ ಸುಮಾರು 130 ಗ್ರಾಂ. ಹಳೆಯದಾದ ದ್ರಾವಣದ ಒಂದು ಡ್ರಮ್, ಅಂದರೆ 200 ಲೀಟರ್ ಚೆಲ್ಲಿದರೆ 26 ಕೆಜಿ ಕ್ರೋಮಿಯಂ ಹೋಯಿತು. ಇದನ್ನು ಲೀಟರಿಗೆ 2 ಮಿಲಿಗ್ರಾಂಗೆ ತರಲು ಬೇಕಾಗುವ ನೀರು 1 ಕೋಟಿ 30 ಲಕ್ಷ ಲೀಟರ್. 1 ಲಕ್ಷ ಜನರಿರುವ ಊರಿನ ಒಂದು ದಿನದ ಅಷ್ಟೂ ಕೊಳಚೆ ಸೇರಿದರೂ ಅಷ್ಟಾಗುವುದಿಲ್ಲ.

ಬೆರೆಸಿದರೆ ಅಂಕಿ ಇಳಿಯುತ್ತದೆ, ಆ 26 ಕೆಜಿಯಲ್ಲಿ ಒಂದು ಗ್ರಾಮೂ ಕಮ್ಮಿಯಾಗುವುದಿಲ್ಲ. ಒಂದು ಹನಿ ನೀರಿಗೆ ಸಾವಿರ ಅಡಿ ಕೊರೆಯುವ ಜಿಲ್ಲೆಯಲ್ಲಿ ವಿಷ ತೆಳು ಮಾಡಲು ಬೋರ್ ನೀರು ಸುರಿಯುವುದು ಎರಡು ಸಲ ಮಾಡುವ ಅನ್ಯಾಯ.

ಹಾಗಾದರೆ ಪ್ಲೇಟಿಂಗ್ ಘಟಕದವರು ಏನು ಮಾಡಬೇಕು?

ಮೊದಲು ನೀರನ್ನು ಬೇರೆ ಬೇರೆ ಮಾಡಬೇಕು. ಕ್ರೋಮಿಯಂ ನೀರು ಒಂದು ತೊಟ್ಟಿಗೆ, ಸಯನೈಡ್ ನೀರು ಇನ್ನೊಂದಕ್ಕೆ, ತೊಳೆದ ನೀರು ಮತ್ತೊಂದಕ್ಕೆ. ಸಯನೈಡ್ ಇರುವ ನೀರಿಗೆ ಆಮ್ಲ ಬೆರೆತರೆ ಪ್ರಾಣ ತೆಗೆಯುವ ಅನಿಲ ಏಳುತ್ತದೆ. ಅದಕ್ಕೇ ಇವೆರಡರ ಪೈಪ್ ಎಲ್ಲೂ ಸೇರಬಾರದು.

ಕ್ರೋಮಿಯಂ ತೆಗೆಯುವ ವಿಧಾನ ಹಳೆಯದು, ಕಷ್ಟವೇನಲ್ಲ. ಆಮ್ಲ ಹಾಕಿ ಪಿಎಚ್ 2ರಿಂದ 3ಕ್ಕೆ ಇಳಿಸುತ್ತಾರೆ. ಆಮೇಲೆ ಸೋಡಿಯಂ ಮೆಟಾಬೈಸಲ್ಫೈಟ್ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಕುತ್ತಾರೆ. ಅರಿಶಿನ ಬಣ್ಣದ ನೀರು ನೋಡನೋಡುತ್ತಾ ಹಸಿರಾಗುತ್ತದೆ. ವಿಷಕಾರಿ ರೂಪ ಹೋಗಿ ಕಡಿಮೆ ಅಪಾಯದ ರೂಪ ಬಂದಿದೆ ಅಂತ ಆ ಬಣ್ಣವೇ ಹೇಳುತ್ತದೆ. ಹಾಗಂತ ಬಣ್ಣ ನಂಬಿ ಬಿಡುವ ಹಾಗಿಲ್ಲ, ಟೆಸ್ಟ್ ಮಾಡಲೇಬೇಕು. ಮುಂದೆ ಸುಣ್ಣ ಹಾಕಿ ಪಿಎಚ್ 8ರಿಂದ 9ಕ್ಕೆ ಏರಿಸಿದರೆ ಲೋಹ ಹಸಿರು ಗಸಿಯಾಗಿ ತಳಕ್ಕೆ ಕೂರುತ್ತದೆ. ಅದನ್ನು ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿ ಒಣಗಿಸುತ್ತಾರೆ.

ಆ ಗಸಿ ಅಪಾಯಕಾರಿ ತ್ಯಾಜ್ಯ. 2016ರ ನಿಯಮದ ಪ್ರಕಾರ ಅದನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಆವರಣದಲ್ಲಿ ಇಟ್ಟುಕೊಳ್ಳುವಂತಿಲ್ಲ. ಅನುಮತಿ ಪಡೆದ ಜಾಗಕ್ಕೇ, ಕಾಗದಪತ್ರದ ಸಮೇತ ಕಳಿಸಬೇಕು. ಕಾಂಪೌಂಡ್ ಹಿಂದೆ ಗುಂಡಿ ತೆಗೆದು ಹೂಳಿದರೆ ಮೊದಲ ಮಳೆಗೇ ಇಂಗಲು ಶುರುವಾಗುತ್ತದೆ.

ನಮ್ಮದು ಪನೀರ್ ಘಟಕ. ವಿಷ ಏನೂ ಇಲ್ಲ, ಬರೀ ಹಾಲಿನ ನೀರು. ಅದಕ್ಕೂ ನಿಯಮವಾ?

ಹೌದು. ಕೋಲಾರ ಅಂದರೆ ಹಾಲು, ರೇಷ್ಮೆ. ಹಾಗಾಗಿ ಈ ಪ್ರಶ್ನೆ ತುಂಬ ಬರುತ್ತದೆ.

ಹಾಲು ಒಡೆದು ಪನೀರ್ ತೆಗೆದ ಮೇಲೆ ಉಳಿಯುವ ಹಸಿರು ಮಿಶ್ರಿತ ತಿಳಿನೀರಿನ ಬಿಓಡಿ ಲೀಟರಿಗೆ 30 ಸಾವಿರ ಮಿಲಿಗ್ರಾಂ ದಾಟುತ್ತದೆ. ಮನೆಯ ಕೊಳಚೆಯದು 250ರ ಆಸುಪಾಸು. ಅಂದರೆ ನೀವು ಸಾವಿರ ಲೀಟರ್ ಪನೀರ್ ನೀರು ಬಿಟ್ಟರೆ ಎಸ್‌ಟಿಪಿಗೆ 1 ಲಕ್ಷ 20 ಸಾವಿರ ಲೀಟರ್ ಕೊಳಚೆ ಬಂದಷ್ಟು ಹೊರೆ. ಅದು ಹುಳಿಯೂ ಹೌದು, ಸಿಮೆಂಟ್ ಪೈಪನ್ನು ತಿನ್ನುತ್ತದೆ. ಕೆರೆಗೆ ಸೇರಿದರೆ ನೀರಿನ ಆಮ್ಲಜನಕ ಖಾಲಿಯಾಗಿ ಮೀನು ತೇಲುತ್ತವೆ. ವಿಷವಿಲ್ಲದೆಯೂ ಸಾಯುತ್ತವೆ.

ಅದರಲ್ಲಿ ಸಕ್ಕರೆ ಅಂಶ, ಪ್ರೋಟೀನ್ ಎರಡೂ ಇವೆ. ಹಸು, ಹಂದಿ ಸಾಕುವವರು ತಾಜಾ ಇದ್ದಾಗ ಒಯ್ಯುತ್ತಾರೆ. ಸುಮ್ನೆ ಚೆಲ್ಲುವ ಮುಂಚೆ ಅಕ್ಕಪಕ್ಕದ ಫಾರಂನವರನ್ನು ಕೇಳಿ.

ರೇಷ್ಮೆ ರೀಲಿಂಗ್ ಮಾಡುವವರ ಕಥೆ ಏನು?

ಶಿಡ್ಲಘಟ್ಟದ ಓಣಿಗಳಲ್ಲಿ ಓಡಾಡಿದವರಿಗೆ ಆ ವಾಸನೆ ಗೊತ್ತು. ಗೂಡು ಬೇಯಿಸಿದ ಬಿಸಿ ನೀರು, ಅದರಲ್ಲಿ ಕರಗಿದ ರೇಷ್ಮೆ ಅಂಟು, ಸತ್ತ ಹುಳದಿಂದ ಬಿಟ್ಟ ಜಿಡ್ಡು. ಟೀ ಬಣ್ಣಕ್ಕೆ ತಿರುಗಿದ ಆ ನೀರು ಮೋರಿಗೆ ಬಿದ್ದು ಕೆಲವೇ ಗಂಟೆಯಲ್ಲಿ ನಾರಲು ಶುರು. ಇದರಲ್ಲಿ ಲೋಹ ಇಲ್ಲ, ಬ್ಯಾಕ್ಟೀರಿಯಾ ತಿನ್ನುವಂಥದ್ದೇ. ತೊಂದರೆ ಇರುವುದು ಪ್ರಮಾಣದಲ್ಲಿ ಮತ್ತು ಎಲ್ಲರೂ ಒಂದೇ ಹೊತ್ತಿಗೆ ಬಿಡುವುದರಲ್ಲಿ.

ಮನೆಯಲ್ಲೇ ನಡೆಸುವ ಒಂದೊಂದು ರೀಲಿಂಗ್ ಘಟಕವೂ ತನ್ನದೇ ಶುದ್ಧೀಕರಣ ಘಟಕ ಕಟ್ಟಲಿ ಅನ್ನುವುದು ಆಗದ ಮಾತು. ಜಾಲರಿ ಇಟ್ಟು ಹುಳ, ಸಿಪ್ಪೆ ತಡೆಯುವುದು, ಒಂದು ತೊಟ್ಟಿಯಲ್ಲಿ ನೀರು ತಣಿದು ಗಸಿ ಕೂರಲು ಬಿಡುವುದು, ಇಷ್ಟು ಪ್ರತಿಯೊಬ್ಬರಿಂದಲೂ ಆಗುತ್ತದೆ. ಉಳಿದದ್ದಕ್ಕೆ ಓಣಿಗೊಂದು ಸಾಮೂಹಿಕ ಘಟಕ ಬೇಕು, ಅದಕ್ಕೆ ಸರ್ಕಾರವೇ ಕೈಹಾಕಬೇಕು. ದಿನದ ದುಡಿಮೆ ನಂಬಿದ ರೀಲರ್‌ಗಳಿಗೆ ನೋಟಿಸ್ ಕೊಟ್ಟು ಕೈತೊಳೆದುಕೊಂಡರೆ ಮೋರಿ ಸ್ವಚ್ಛ ಆಗುವುದಿಲ್ಲ.

ವಾಟರ್ ಸರ್ವಿಸ್, ಹೋಟೆಲ್, ಛತ್ರ?

ವಾಟರ್ ಸರ್ವಿಸ್‌ನವರು ಮಣ್ಣು ಕೂರುವ ತೊಟ್ಟಿ, ಅದರ ಮುಂದೆ ಆಯಿಲ್ ಟ್ರ್ಯಾಪ್ (ಎಣ್ಣೆ ತಡೆಯುವ ತೊಟ್ಟಿ) ಹಾಕಿಸಿ. ಹಳೇ ಎಂಜಿನ್ ಆಯಿಲ್ ಚರಂಡಿಗೆ ಬೇಡ, ಅನುಮತಿ ಇರುವ ಮರುಬಳಕೆದಾರರಿಗೆ ಕೊಡಿ. ಹೋಟೆಲ್, ಛತ್ರಗಳಿಗೆ ಗ್ರೀಸ್ ಟ್ರ್ಯಾಪ್ ಸಾಕು, ಆದರೆ ವಾರಕ್ಕೊಮ್ಮೆಯಾದರೂ ತೆಗೆದು ತೊಳೆಯಬೇಕು. ತೊಳೆಯದ ಟ್ರ್ಯಾಪ್ ಇದ್ದೂ ಇಲ್ಲದಂತೆ.

ಯಾರ ಅನುಮತಿ ಬೇಕು? ನಗರಸಭೆಯದೋ, ಪೊಲ್ಯೂಷನ್ ಬೋರ್ಡ್‌ನದೋ?

ಎರಡೂ. ಚರಂಡಿಗೆ ಕನೆಕ್ಷನ್ ಕೊಡುವುದು ಸ್ಥಳೀಯ ಸಂಸ್ಥೆ. ಅದರಲ್ಲಿ ಏನು ಬಿಡಬಹುದು ಅಂತ ಹೇಳುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ನಗರಸಭೆಗೆ ದುಡ್ಡು ಕಟ್ಟಿ ಕನೆಕ್ಷನ್ ತಗೊಂಡಿದ್ದೇನೆ ಅಂದರೆ ಕಾರ್ಖಾನೆ ನೀರು ಬಿಡಲು ಪರವಾನಗಿ ಸಿಕ್ಕಂತಲ್ಲ.

ಮಂಡಳಿಯಿಂದ ಎರಡು ಹಂತ. ಕಟ್ಟುವ ಮುಂಚೆ ಸ್ಥಾಪನೆಗೆ ಸಮ್ಮತಿ, ಅಂದರೆ ಸಿಎಫ್‌ಇ. ಓಡಿಸುವ ಮುಂಚೆ ನಡೆಸಲು ಸಮ್ಮತಿ, ಅಂದರೆ ಸಿಎಫ್‌ಓ. ಉದ್ದಿಮೆಗಳನ್ನು ಮಾಲಿನ್ಯದ ಪ್ರಮಾಣ ನೋಡಿ ಕೆಂಪು, ಕಿತ್ತಳೆ, ಹಸಿರು, ಬಿಳಿ ಮುಂತಾಗಿ ವಿಂಗಡಿಸಿದ್ದಾರೆ. ಬಿಳಿಗೆ ಸಮ್ಮತಿ ಬೇಡ. ಪ್ಲೇಟಿಂಗ್, ಡೈಯಿಂಗ್‌ನಂಥವು ಕೆಂಪು.

ಅಧಿಕಾರಿಗಳು ಸ್ಯಾಂಪಲ್ ತೆಗೆಯಲು ಬಂದರೆ ನಮ್ಮ ಹಕ್ಕು ಏನು?

ಜಲ ಕಾಯ್ದೆಯ 21ನೇ ಕಲಂ ಓದಿಕೊಳ್ಳಿ. ಪರೀಕ್ಷೆಗೆ ಕಳಿಸುವ ಉದ್ದೇಶವನ್ನು ನಿಮಗೆ ನೋಟಿಸ್ ಮೂಲಕ ತಿಳಿಸಬೇಕು. ನಿಮ್ಮೆದುರೇ ಸ್ಯಾಂಪಲ್ಲನ್ನು ಎರಡು ಭಾಗ ಮಾಡಿ, ಸೀಲ್ ಹಾಕಿ, ಇಬ್ಬರೂ ಸಹಿ ಮಾಡಬೇಕು. ಒಂದು ಭಾಗ ಮಂಡಳಿಯ ಲ್ಯಾಬಿಗೆ ಹೋಗುತ್ತದೆ. ನೀವು ಕೇಳಿದರೆ ಇನ್ನೊಂದು ಭಾಗ ಕಾಯ್ದೆಯಡಿ ಗೊತ್ತುಪಡಿಸಿದ ರಾಜ್ಯದ ಲ್ಯಾಬಿಗೆ ಹೋಗಬೇಕು. ಬಾಗಿಲು ಹಾಕಿಕೊಂಡು ಓಡಿಹೋಗುವುದಕ್ಕಿಂತ ನಿಂತು, ಸಹಿ ಮಾಡಿ, ಎರಡನೇ ಬಾಟಲಿ ಕೇಳುವುದು ನಿಮಗೇ ಒಳ್ಳೆಯದು.

ಮ್ಯಾನ್‌ಹೋಲ್ ಕೆಲಸದವರಿಗೂ ಇದಕ್ಕೂ ಏನು ಸಂಬಂಧ?

ನೇರ ಸಂಬಂಧ. ಚರಂಡಿಯಲ್ಲಿ ಗಾಳಿಯಾಡದೆ ಕೊಳೆತ ಕಡೆ ಸಲ್ಫೈಡ್ ಇರುತ್ತದೆ. ಅದಕ್ಕೆ ಕಾರ್ಖಾನೆಯ ಆಮ್ಲ ಬಂದು ಬಿದ್ದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಭುಸ್ಸನೆ ಏಳುತ್ತದೆ. ಕಮ್ಮಿ ಇದ್ದಾಗ ಕೊಳೆತ ಮೊಟ್ಟೆ ವಾಸನೆ. ಜಾಸ್ತಿಯಾದರೆ ಮೂಗು ಮರಗಟ್ಟಿ ವಾಸನೆಯೇ ಗೊತ್ತಾಗುವುದಿಲ್ಲ, ಕೆಲವೇ ಉಸಿರಿಗೆ ಮನುಷ್ಯ ಕುಸಿಯುತ್ತಾನೆ. ಎತ್ತಲು ಇಳಿದವನೂ ಕುಸಿಯುತ್ತಾನೆ. ಹೀಗೇ ಒಬ್ಬರ ಹಿಂದೆ ಒಬ್ಬರು ಸಾಯುವುದು.

ರಕ್ಷಣೆಯಿಲ್ಲದೆ ಮನುಷ್ಯರನ್ನು ಒಳಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ನಿಷೇಧಿಸಿದೆ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಚರಂಡಿ ಸಾವಿಗೆ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಿತು. ನೀರು ಚಿಮ್ಮಿಸಿ ಚರಂಡಿ ಬಿಡಿಸುವ ಜೆಟ್ಟಿಂಗ್ ಗಾಡಿ ಇದ್ದರೂ ಬ್ಲಾಕ್ ಆಯಿತು ಅಂದರೆ ಇವತ್ತಿಗೂ ಕೂಲಿಯವರನ್ನು ಕರೆಯುವವರಿದ್ದಾರೆ. ದಯವಿಟ್ಟು ಕರೆಯಬೇಡಿ.

ಬೆಂಕಿಯ ಭಯವೂ ಇದೆ. 1981ರ ಫೆಬ್ರವರಿ 13ರಂದು ಅಮೆರಿಕದ ಲೂಯಿವಿಲ್ ನಗರದಲ್ಲಿ ಸೋಯಾ ಕಾರ್ಖಾನೆಯೊಂದರಿಂದ ಹೆಕ್ಸೇನ್ ದ್ರಾವಕ ಚರಂಡಿಗೆ ಸೇರಿತ್ತು. ಅದರ ಆವಿಗೆ ಕಿಡಿ ತಾಗಿ ರಸ್ತೆಗಳ ಅಡಿಯ ಚರಂಡಿ ಸ್ಫೋಟಿಸಿ, ರಸ್ತೆಗಳೇ ಬಾಯಿಬಿಟ್ಟವು. ಥಿನ್ನರ್, ಪೆಟ್ರೋಲ್, ಡೀಸೆಲ್ ಒಂದು ಲೋಟವೂ ಚರಂಡಿಗೆ ಬೇಡ ಅನ್ನುವುದು ಅದಕ್ಕೇ.

ನಾವು ಟ್ಯಾಂಕರ್‌ನವರಿಗೆ ಕೊಟ್ಟುಬಿಡುತ್ತೇವೆ. ಆಮೇಲೆ ಅವರ ಜವಾಬ್ದಾರಿ ಅಲ್ವಾ?

ಅಲ್ಲ. ರಾತ್ರಿ ಹೊತ್ತು ಯಾವುದೋ ಮ್ಯಾನ್‌ಹೋಲ್‌ಗೋ ರಾಜಕಾಲುವೆಗೋ ಪೈಪ್ ಬಿಟ್ಟು ಹೋಗುವ ಟ್ಯಾಂಕರ್ ಸಿಕ್ಕಿಬಿದ್ದರೆ ಆ ನೀರು ಹುಟ್ಟಿದ ಕಾರ್ಖಾನೆಯನ್ನೂ ಹುಡುಕಿಕೊಂಡು ಬರುತ್ತಾರೆ. ಎಲ್ಲಿಗೆ ಒಯ್ಯುತ್ತಾರೆ, ಆ ಜಾಗಕ್ಕೆ ಅನುಮತಿ ಇದೆಯಾ, ಅಲ್ಲಿಂದ ರಶೀದಿ ಬರುತ್ತದಾ ಅಂತ ನೋಡಿಯೇ ಕೊಡಿ. ರೇಟು ತೀರಾ ಕಮ್ಮಿ ಹೇಳಿದರೆ ಅನುಮಾನ ಪಡಿ.

ನಿಯಮ ಮೀರಿದರೆ ಏನಾಗುತ್ತದೆ?

ಜಲ ಕಾಯ್ದೆಯ 33-ಎ ಕಲಂ ಪ್ರಕಾರ ಮಂಡಳಿ ಘಟಕ ಮುಚ್ಚಿಸಬಹುದು, ಕರೆಂಟು ಮತ್ತು ನೀರಿನ ಸಂಪರ್ಕ ಕಡಿಯಲು ಹೇಳಬಹುದು. ಬಹಳಷ್ಟು ಮಾಲೀಕರಿಗೆ ದಂಡಕ್ಕಿಂತ ಕರೆಂಟ್ ಹೋಗುವುದೇ ದೊಡ್ಡ ಪೆಟ್ಟು. ಅದರ ಮೇಲೆ ಪರಿಸರ ಪರಿಹಾರ ಅಂತ ಕಟ್ಟಿಸಿಕೊಳ್ಳುತ್ತಾರೆ. ಕೇಂದ್ರ ಮಂಡಳಿಯ ಸೂತ್ರದಲ್ಲಿ ಅದು ದಿನಕ್ಕೆ ಕನಿಷ್ಠ 5 ಸಾವಿರ ರೂಪಾಯಿ, ಎಷ್ಟು ದಿನ ಮೀರಿದ್ದೀರೋ ಅಷ್ಟು ದಿನಕ್ಕೂ.

ಮಾಲಿನ್ಯ ಮಾಡಿದವನೇ ಖರ್ಚು ಭರಿಸಬೇಕು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರಲ್ಲಿ ಎತ್ತಿಹಿಡಿದದ್ದು ನಮ್ಮದೇ ಪಾಲಾರ್ ನದಿಯ ಕೆಳಗಿನ ದಂಡೆಯ ಚರ್ಮ ಹದ ಮಾಡುವ ಘಟಕಗಳ ಪ್ರಕರಣದಲ್ಲಿ. 2017ರ ಫೆಬ್ರವರಿ 22ರ ಇನ್ನೊಂದು ತೀರ್ಪಿನಲ್ಲಿ, ಕೆಲಸ ಮಾಡುವ ಶುದ್ಧೀಕರಣ ಘಟಕ ಇಲ್ಲದ ಕಾರ್ಖಾನೆ ನಡೆಯುವಂತಿಲ್ಲ ಎಂದಿತು. ಕಟ್ಟಿ ಬೀಗ ಹಾಕಿದ ಘಟಕ ಲೆಕ್ಕಕ್ಕಿಲ್ಲ.

ನಮ್ಮೂರ ಕಾಲುವೆಯಲ್ಲಿ ಬಣ್ಣದ ನೀರು ಹರಿಯುತ್ತಿದೆ. ಜನಸಾಮಾನ್ಯರು ಏನು ಮಾಡಬಹುದು?

ಮೊದಲು ದಾಖಲೆ. ತಾರೀಕು, ಹೊತ್ತು, ಜಾಗ, ಬಣ್ಣ, ವಾಸನೆ ಬರೆದಿಡಿ. ಲೊಕೇಶನ್ ಸಮೇತ ಫೋಟೋ, ವಿಡಿಯೋ ತೆಗೆಯಿರಿ. ನೀರು ಕೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಒಂದೇ ದಿನದ ಫೋಟೋಗಿಂತ ಬೇರೆ ಬೇರೆ ದಿನದ್ದು, ಅದೂ ಮಳೆ ಬಂದ ರಾತ್ರಿಯದ್ದು, ಜಾಸ್ತಿ ಕೆಲಸಕ್ಕೆ ಬರುತ್ತದೆ. ಮಳೆ ಬಂದಾಗ ಗೊತ್ತಾಗುವುದಿಲ್ಲ ಅಂತ ತೊಟ್ಟಿ ಖಾಲಿ ಮಾಡುವವರು ಇದ್ದಾರೆ.

ಆಮೇಲೆ ಮಂಡಳಿಯ ಜಿಲ್ಲಾ ಕಚೇರಿಗೂ ನಗರಸಭೆ ಅಥವಾ ಪಂಚಾಯಿತಿಗೂ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಒಬ್ಬರ ಹೆಸರಿಗಿಂತ ಊರಿನ ಹತ್ತು ಜನರ ಸಹಿ ಇದ್ದರೆ ಅರ್ಜಿಗೆ ತೂಕ.

ಮಂಡಳಿ ಕೊಟ್ಟ ಸಮ್ಮತಿಯ ಷರತ್ತುಗಳಿಗೆ ಒಂದು ರಿಜಿಸ್ಟರ್ ಇರಬೇಕು, ಆ ಕಾರ್ಖಾನೆಯ ನೀರಿನಿಂದ ಬಾಧಿತರಾದ ಯಾರು ಬೇಕಾದರೂ ಕಚೇರಿ ವೇಳೆಯಲ್ಲಿ ಅದನ್ನು ನೋಡಬಹುದು ಅಂತ ಜಲ ಕಾಯ್ದೆಯ 25ನೇ ಕಲಂ ಹೇಳುತ್ತದೆ. ಈ ಹಕ್ಕನ್ನು ಬಳಸುವವರು ಕಮ್ಮಿ. ಹೋಗಿ ಕೇಳಿ. ಇಲ್ಲ ಅಂದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಮೂರು ವಿಷಯ ಕೇಳಿದರೆ ಸಾಕು. ಆ ಕಾರ್ಖಾನೆಯ ಸಿಎಫ್‌ಓ ಪ್ರತಿ, ಕಳೆದ ವರ್ಷದ ಸ್ಯಾಂಪಲ್ ರಿಪೋರ್ಟ್‌ಗಳು, ಅದರ ನೀರು ಹೋಗುವ ಜಾಗದ ಹೆಸರು. ಮೂರನೆಯದಕ್ಕೆ ಎಸ್‌ಟಿಪಿ ಹೆಸರು ಬರದೆ ಬರೀ ಚರಂಡಿ ಅಂತ ಉತ್ತರ ಬಂದರೆ, ಮೇಲೆ ಹೇಳಿದ ಬಿಓಡಿ 30ರ ಮಿತಿಯನ್ನು ಮುಂದಿಟ್ಟು ಇನ್ನೊಂದು ದೂರು ಕೊಡಿ.